ಹೊಳಬಸಪ್ಪನಿಗೆ ಮೀಸೆ ಬಂದ ವರ್ಷ

“ನೋಡ್ರಿ ಬಾಯಾರ, ಹುಡುಗ ಯಾವಾಗ ದೊಡ್ಡವ ಆಗ್ತಾನ ಅಂತ ನೀವು ಡಾಕ್ಟರಗ ಕೇಳ್ತೀರಿ, ಪಂಚಾಂಗದವಗ ಕೇಳ್ತೀರಿ, ಟೇಲರಗ ಮಾತ್ರ ಕೇಳಂಗಿಲ್ಲ. ಕೇಳಬೇಕು. ತಾಯಿ ತಲಿ ನೋಡ್ತಾಳ, ಅಪ್ಪ ಮೀಸಿ ನೋಡ್ತಾನ, ನಾ ಕಾಲು ನೋಡ್ತೀನಿ. ಗಂಡು ಹುಡುಗ ಬೆಳೆಯೂದು ಕೆಳಗಿನಿಂದ, ಜ್ವಾಳದ ದಂಟಿನಂಗ. ಒಂದ ವರ್ಷದಾಗ ಎರಡು ಸಲ ಚಪ್ಪಲ್ ತಗೊಂಡ್ರಿ? ಹಂಗಾರ ಮುಂದಿನ ವರ್ಷ ಪ್ಯಾಂಟು ಮ್ಯಾಲೇರತದ, ಬರದಿಟ್ಕೋರಿ. ಪಾದ ಆತು, ಆಮ್ಯಾಲ ಕೈ. ಅಂಗಿ ತೋಳು ಮಣಿಕಟ್ಟು ಬಿಟ್ಟು ಹಿಂದಕ್ಕ ಓಡತಾವ. ಆಮ್ಯಾಲ ಕಾಲು. ಹೆಗಲು ಕಡೀಕ. ಧ್ವನಿ ಒಡದು, ಮೀಸಿ ಮೂಡಿದ ಮ್ಯಾಲ ಓಡಿ ಬಂದು ‘ಮಾಸ್ತರ, ಪ್ಯಾಂಟಿನ ಕೆಳಗಿನ ಮಡಿಕಿ ಬಿಚ್ಚಿಕೊಡ್ರಿ’ ಅಂದ್ರ ಏನು ಬಿಚ್ಚಲಿ? ಗಾಡಿ ಬಿಟ್ಟ ಮ್ಯಾಲ ಟಿಕೀಟು ತಗಸಿದಂಗ. ನಿಮ್ಮ ಹುಡುಗಗ ಹನ್ನೆರಡು ಅಂದ್ರಿ? ನಾಕು ಇಂಚು ಮಡಿಕಿ ಇಡಸ್ರಿ. ಅಪ್ಪ ಎತ್ತರ ಅದಾರೇನ? ಹಂಗಾರ ಚಿಂತೀನ ಇಲ್ಲ. ಬೀಜ ಇದ್ದಂಗ ಬೆಳಿ. ನಂದಽ ನೋಡ್ರಿ. ಹದಿಮೂರಕ್ಕ ನನಗ ಮೀಸಿ. ಹದಿನಾಕಕ್ಕ ನಮ್ಮಪ್ಪನ ಧೋತರ ನನಗ ಮೊಣಕಾಲಿಗೆ ಬರ್ತಿತ್ತು. ಸುಳ್ಳು ಅಂದ್ರ ಅಲ್ಲಿ ಫೋಟೋ ಅದ, ನೋಡ್ರಿ.”

ಪ್ರತಿ ವರ್ಷ ಶಾಲೆ ಶುರುವಾಗುವ ಮೊದಲಿನ ಹದಿನೈದು ದಿನ ಹೊಳಬಸಪ್ಪ ಮಾಸ್ತರ ಇದೇ ಭಾಷಣವನ್ನು ಬಂದವರಿಗೆಲ್ಲ ಮಾಡುತ್ತಿದ್ದ. ಕನ್ನಡದವರಿಗೆ ಕನ್ನಡದಲ್ಲಿ, ಉಳಿದವರಿಗೆ ಮರಾಠಿಯಲ್ಲಿ. ಪುಣೆಯ ಬಿಬವೇವಾಡಿಯಲ್ಲಿ, ಕಾಯಿಪಲ್ಯೆ ಮಾರ್ಕೆಟ್ಟಿನ ಎದುರು ಅವನದೊಂದು ಶಟರಿನ ಅಂಗಡಿ. ಸುತ್ತಲಿನ ಮೂರು ಶಾಲೆಗಳ ಗಂಡುಹುಡುಗರ ಪ್ಯಾಂಟು ಅಲ್ಲಿಯೇ ಹೊಲಿದಾಗಬೇಕು. ಅಳತೆಪಟ್ಟಿ ಕೊರಳಲ್ಲಿ ಹಾಕಿಕೊಂಡು ಮಾತಾಡಲು ನಿಂತರೆ ಅವನ ಮುಂದೆ ದೊಡ್ಡ ದವಾಖಾನೆಯ ಡಾಕ್ಟರೂ ಸಣ್ಣವ.

ಅಂಗಡಿಯ ಹಿಂದಿನ ಅರ್ಧ ಪರದೆಯ ಆಚೆ ಕೂತು ಗುಂಡಿ ಹಚ್ಚುತ್ತಿದ್ದವಳು ಅವನ ಹೆಂಡತಿ ಸಾವಂತ್ರವ್ವ. ಗಂಡ ‘ಹದಿಮೂರಕ್ಕ ಮೀಸಿ’ ಎಂಬಲ್ಲಿಗೆ ಬಂದಾಗ ಆಕೆ ದಾರವನ್ನು ಹಲ್ಲಿನಿಂದ ಕಡಿಯುತ್ತಿದ್ದಳು. ದಾರ ಮುಗಿದಿರಲಿ, ಮುಗಿಯದಿರಲಿ. ಬಾಯಿ ಸುಮ್ಮನಿರಬೇಕಾದರೆ ಅದಕ್ಕೊಂದು ಕೆಲಸ ಬೇಕಲ್ಲ.

ಅವನು ತೋರಿಸುತ್ತಿದ್ದ ಫೋಟೋ ಅವರ ಮದುವೆಯದು, ಬೈಲಹೊಂಗಲದ ಸ್ಟುಡಿಯೋದಲ್ಲಿ ತೆಗೆಸಿದ್ದು. ಸಾವಂತ್ರವ್ವ ಕುರ್ಚಿಯಲ್ಲಿ ಕೂತಿದ್ದಾಳೆ, ಹೊಳಬಸಪ್ಪ ಪಕ್ಕದಲ್ಲಿ ನಿಂತಿದ್ದಾನೆ. ಕೋಟು, ತಲೆಗೆ ಪಟಕಾ, ಮೂಗಿನ ಕೆಳಗೆ ಎರಡೂ ಕಡೆ ಸಮನಾದ ಕಪ್ಪು ಮೀಸೆ. ಆಗ ಅವನಿಗೆ ಹದಿನೇಳು. ಹದಿನೇಳಕ್ಕೆ ಇಷ್ಟು ದಟ್ಟವಾದದ್ದು ಹದಿಮೂರಕ್ಕೇ ಶುರುವಾಗಿರಲೇಬೇಕೆಂದು ನೋಡಿದವರು ತಾವೇ ಲೆಕ್ಕ ಹಾಕಿಕೊಳ್ಳುತ್ತಿದ್ದರು.

ಇಂಥ ಮಾಸ್ತರನ ಮನೆಯಲ್ಲಿಯೇ ಒಂದು ಪ್ಯಾಂಟು ಅವನ ಮಾತು ಕೇಳಲಿಲ್ಲ.

ಮಗ ಅಮರನದು ಅದು. ದೊಡ್ಡವಳು ಶೈಲಾ ಮದುವೆಯಾಗಿ ನಿಪ್ಪಾಣಿಗೆ ಹೋಗಿದ್ದಳು, ಮನೆಯಲ್ಲಿ ಇವನೊಬ್ಬನೇ. ತೊಂಬತ್ತಾರರಲ್ಲಿ ಅಮರನ ಕಾಲಿಗೆ ಒಂದೇ ವರ್ಷದಲ್ಲಿ ಎರಡು ಜೊತೆ ಚಪ್ಪಲಿ ಬೇಕಾದವು. ಅಪ್ಪನಿಗೆ ಹಿಗ್ಗೋ ಹಿಗ್ಗು. ಒಂಬತ್ತನೆಯ ಇಯತ್ತೆಗೆ ಹೊಲಿದ ಪ್ಯಾಂಟಿಗೆ, ಅಂಗಡಿಯ ಚರಿತ್ರೆಯಲ್ಲಿಯೇ ಇಲ್ಲದಂತೆ, ಐದು ಇಂಚು ಮಡಿಕೆ ಇಟ್ಟ. ಜೂನ್ ಹೋಯಿತು, ದೀಪಾವಳಿ ಹೋಯಿತು, ಸಂಕ್ರಾಂತಿಯೂ ಹೋಯಿತು. ಮಡಿಕೆ ಇದ್ದಲ್ಲಿಯೇ ಇತ್ತು. ಹುಡುಗ ನಡೆದರೆ ಪ್ಯಾಂಟಿನ ಕೆಳಭಾಗ ಗಂಟೆ ತೂಗಿದಂತೆ ತೂಗುತ್ತಿತ್ತು. ಒಗೆಯುವಾಗ ಸಾವಂತ್ರವ್ವ ಮಡಿಕೆ ಕೊಡವಿದರೆ ಆಟದ ಮೈದಾನದ ಕಾಲುಭಾಗ ಮೋರಿಗೆ ಬೀಳುತ್ತಿತ್ತು.

ಎದುರಿನ ಬಿಲ್ಡಿಂಗಿನ ಇಂದೂಬಾಯಿಯದು ಬೇರೆಯೇ ಸಂಕಟ. ಧಾರವಾಡದ ಕಡೆಯವರು, ಗಂಡ ಮಧುಕರರಾವ್ ವಿಮಾ ಆಫೀಸಿನಲ್ಲಿ ಕ್ಲಾರ್ಕ್. ಅವರ ಮಗ ಋಷಿಕೇಶ ಅಮರನದೇ ವರ್ಗದವನು, ಅಮರನಿಗಿಂತ ಎರಡು ತಿಂಗಳು ಸಣ್ಣವನು. ಆದರೆ ಅಮರನ ಪಕ್ಕ ನಿಂತರೆ ಕಾಕಾನಂತೆ ಕಾಣುತ್ತಿದ್ದ.

“ಮಾಸ್ತರ, ನಮ್ಮ ಋಷಿಗೆ ಹನ್ನೆರಡಕ್ಕಽ ಧ್ವನಿ ಒಡೀತಲ್ರೀ,” ಎಂದು ಇಂದೂಬಾಯಿ ಪರದೆಯ ಕಡೆಗೂ ಒಂದು ಕಣ್ಣಿಟ್ಟು ಕೇಳುತ್ತಿದ್ದಳು. “ಇಷ್ಟು ಲಗೂನ ಆಗಬಹುದೇನ್ರೀ? ಲಗೂ ಆದವರು ಲಗೂನ ನಿಂತಬಿಡ್ತಾರಂತ. ಇವರ ಆಫೀಸಿನ್ಯಾಗ ಯಾರೋ ಹೇಳಿದ್ರಂತ.”

“ವಿಮಾ ಆಫೀಸಿನ್ಯಾಗ ಬ್ಯಾರೆ ಏನ್ ಹೇಳ್ತಾರ್ರೀ ಬಾಯಾರ? ಅವರ ಧಂದಾನ ಅಂಜಸೂದು,” ಎಂದ ಹೊಳಬಸಪ್ಪ. “ಹನ್ನೆರಡು, ಹದಿಮೂರು ಎಲ್ಲಾ ಬರೋಬ್ಬರಿ. ಹುಡುಗ ಗಟ್ಟಿ ಅದಾನ.”

“ಮತ್ತ ನಿಮ್ಮ ಅಮರಂದು?”

ಹೊಳಬಸಪ್ಪ ಸೀಮೆಸುಣ್ಣ ಹುಡುಕತೊಡಗಿದ. ಅದು ಅವನ ಕಿವಿಯ ಮೇಲೆಯೇ ಇತ್ತು.

ಲಗೂ ಆದವರ ಮನೆಯಲ್ಲಿ ಲಗೂ ಆಯಿತೆಂಬ ಚಿಂತೆ, ತಡವಾದವರ ಮನೆಯಲ್ಲಿ ತಡದ ಚಿಂತೆ, ಸರಿಯಾಗಿ ಆದವರ ಮನೆಯಲ್ಲಿ ಇದು ನಿಜವಾಗಿ ಸರಿಯೋ ಎಂಬ ಚಿಂತೆ. ಇಪ್ಪತ್ತು ವರ್ಷ ಪರದೆಯ ಆಚೆ ಕೂತು ಕೇಳಿದ ಸಾವಂತ್ರವ್ವನಿಗೆ ಇದು ಹೊಸದಲ್ಲ. ಹುಡುಗರ ಬಗ್ಗೆ ತಾಯಂದಿರು ಗುಸುಗುಸು ಕೇಳುತ್ತಿದ್ದರು, ತಂದೆಯರು ಕೆಮ್ಮಿ ಕೇಳುತ್ತಿದ್ದರು. ಹುಡುಗನನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಆತ ಅಳತೆಗೆ ಕೈ ಅಗಲಿಸಿ, ಹೊಲದ ಬೆದರುಗೊಂಬೆಯಂತೆ ನಿಂತಿರುತ್ತಿದ್ದ.

ಅಮರ ಕುಸಿಯುತ್ತಿದ್ದುದು ಆಕೆಗೆ ಕಂಡಿತ್ತು. ಮೊದಲು ಅಂಗಡಿಯ ಮೇಲಿನ ಮನೆಯಿಂದ, ಜಿನ್ನೆಯ ಮೆಟ್ಟಿಲ ಮೇಲಿಂದಲೇ ‘ಅವ್ವಾ’ ಎಂದು ಕೂಗುತ್ತಿದ್ದವನು ಈಗ ಕೆಳಗಿಳಿದು ಬಂದು, ಸೆರಗು ಹಿಡಿದು ಜಗ್ಗಿ, ಆಮೇಲೆ ಪಿಸುಮಾತಿನಲ್ಲಿ ಹೇಳುತ್ತಿದ್ದ. ಅಂಗಡಿಗೆ ಬಂದ ಗಿರಾಕಿಗಳು “ಮಾಸ್ತರ, ಅಮರನ ಐದು ಇಂಚಿನ ಉದ್ಘಾಟನಾ ಯಾವಾಗ?” ಎಂದು ನಗೆಯಾಡಿದರೆ ತಲೆ ತಗ್ಗಿಸಿ ಹೊರಟುಬಿಡುತ್ತಿದ್ದ. ಹೊಳಬಸಪ್ಪ ಸುಮ್ಮನೆ ಕೂತಿರಲಿಲ್ಲ. ಬಾಗಿಲ ಚೌಕಟ್ಟಿಗೆ ಸಲಾಕೆ ಹಾಕಿ ಮಗನನ್ನು ಜೋತಾಡಿಸಿದ. ಮನೆಯಲ್ಲಿ ಯಾರಿಗೂ ಹೇಳದೆ ಜೇಜುರಿಯ ಖಂಡೋಬಾಗೆ ಹರಕೆ ಹೊತ್ತ. ಹರಕೆ ಹೊತ್ತದ್ದು ಯಾರಿಗೂ ಗೊತ್ತಾಗಬಾರದೆಂದು ಭಂಡಾರದ ಪುಡಿಯ ಪೊಟ್ಟಣವನ್ನು ಗುಂಡಿಗಳ ಡಬ್ಬಿಯಲ್ಲಿಟ್ಟ. ಆ ವಾರ ಹಚ್ಚಿದ ಗುಂಡಿಗಳೆಲ್ಲ ಅರಿಸಿನದ ಬಣ್ಣ.

ಫೆಬ್ರುವರಿಯ ಕೊನೆಗೆ ಶಾಲೆಯಿಂದ ಒಂದು ಚೀಟಿ ಬಂತು. ‘ನಿಮ್ಮ ಮಗ ಈ ತಿಂಗಳು ಹತ್ತೊಂಬತ್ತು ದಿನ ಗೈರುಹಾಜರು. ಹೀಗೇ ಆದರೆ ಪರೀಕ್ಷೆಗೆ ಕೂಡಿಸುವುದಿಲ್ಲ.’

“ಹತ್ತೊಂಬತ್ತು ದಿನಾ ಎಲ್ಲಿಗೆ ಹೋಗಿದ್ದೆಲೇ?” ಹೊಳಬಸಪ್ಪ ಕತ್ತರಿ ಕೆಳಗಿಟ್ಟು ಎದ್ದ. ಅಮರ ಗೋಡೆ ನೋಡುತ್ತ ನಿಂತ. “ಬಾಯಾಗ ಏನು ಕಡಬು ಅದನ?”

ಅಷ್ಟರಲ್ಲಿ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿದ ಋಷಿಕೇಶ ಒಳಗೆ ಇಣುಕಿದ. “ಕಾಕಾ, ಅಂವ ದಿನಾ ಬಂದಾನ್ರೀ. ನನ್ನ ಬಾಜೂಕಽ ಕೂಡ್ತಾನ. ಹಾಜರಿ ಕೂಗಿದಾಗ ‘ಹಜರ್’ ಅನ್ನಂಗಿಲ್ಲ, ಅಷ್ಟಽ.”

“ಯಾಕ ಅನ್ನಂಗಿಲ್ಲ? ನಾಲಿಗಿ ಸವಿತದನ?”

ಋಷಿಕೇಶ ಅಮರನ ಮುಖ ನೋಡಿ, ಸಾವಂತ್ರವ್ವನ ಮುಖ ನೋಡಿ, ಹೇಳಿಬಿಟ್ಟ. ಅಮರ ಹಜರ್ ಅಂದ ಕೂಡಲೇ ಹಿಂದಿನ ಬೆಂಚಿನವರು ಸಣ್ಣ ದನಿ ತೆಗೆದು ‘ತಾಈ ಆಲ್ಯಾ’, ಅಕ್ಕಾವ್ರು ಬಂದ್ರು, ಎನ್ನುತ್ತಿದ್ದರು. ನಾಲ್ಕು ದಿನ ಕೇಳಿದ. ಐದನೆಯ ದಿನದಿಂದ ಬಾಯಿ ತೆರೆಯುವುದನ್ನೇ ಬಿಟ್ಟ. ಅರವತ್ತೆಂಟು ಹುಡುಗರ ವರ್ಗದಲ್ಲಿ ಮಾಸ್ತರರು ತಲೆ ಎತ್ತದೆ ಹೆಸರು ಕೂಗುವವರು. ಸದ್ದು ಬರದಿದ್ದರೆ ಹುಡುಗ ಇಲ್ಲ. ದಿನವೂ ಶಾಲೆಗೆ ಹೋಗಿ ಹುಡುಗ ಹತ್ತೊಂಬತ್ತು ದಿನ ಇಲ್ಲದವನಾಗಿದ್ದ.

“ನಾ ಪರೀಕ್ಷಾಕ್ಕ ಕೂಡಂಗಿಲ್ಲ,” ಎಂದ ಅಮರ ಗೋಡೆಗೆ. “ಸಾಲಿ ಬಿಡ್ತೀನಿ. ಇಲ್ಲೇ ಕಾಜಾ ಹೊಲೀತೀನಿ. ಅಪ್ಪಗ ಹದಿಮೂರಕ್ಕಽ ಎಲ್ಲಾ ಆಗಿತ್ತು. ನಂದ ಏನೋ ಕೆಟ್ಟದ.”

ಆ ಮಾತು ಸಾವಂತ್ರವ್ವನ ಬೆರಳಿಗೆ ಸೂಜಿಯಂತೆ ಚುಚ್ಚಿತು. ಅಂದು ಸಂಜೆ ಗಂಡನ ತಾಟಿಗೆ ರೊಟ್ಟಿ ಹಾಕುತ್ತ, ಮೆಲ್ಲಗೆ ಅಂದಳು: “ನಿಮಗೂ ತಡಾನ ಆಗಿತ್ತಲ್ರೀ. ಅದನ್ನ ಅವಗ ಹೇಳ್ರಿ.”

“ಯಾರಿಗೆ? ನನಗ?” ಹೊಳಬಸಪ್ಪ ನಿಜವಾಗಿಯೇ ಆಶ್ಚರ್ಯಪಟ್ಟ. “ಹುಚ್ಚಿ, ಫೋಟೋ ನೋಡಿಲ್ಲೇನ ನೀ?”

ಸಾವಂತ್ರವ್ವ ಬೆರಗಾಗಿ ಕೂತಳು. ಗಂಡ ಸುಳ್ಳು ಹೇಳುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಆ ಫೋಟೋ ತೋರಿಸಿ ತೋರಿಸಿ ಅದನ್ನು ತಾನೇ ನಂಬಿಬಿಟ್ಟಿದ್ದ! ಊರಿನವರಿಗೆ ಹೇಳಿದ ಸುಳ್ಳನ್ನು ಬಿಡಿಸಬಹುದು, ತನಗೇ ಹೇಳಿಕೊಂಡದ್ದನ್ನು ಹೇಗೆ ಬಿಡಿಸುವುದು?

ಔಷಧದ ಅಂಗಡಿಯವನು ಯಾವುದೋ ಉದ್ದವಾಗುವ ಇಂಜೆಕ್ಷನ್ನಿನ ಹೆಸರು ಬರೆದುಕೊಟ್ಟಿದ್ದ. ಹೊಳಬಸಪ್ಪ ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ. “ಮದಲ ಡಾಕ್ಟರ್, ಆಮ್ಯಾಲ ಸೂಜಿ. ನಿಮ್ಮ ಅಂಗಡ್ಯಾಗೂ ಅಳತಿ ಮದಲ, ಕತ್ತರಿ ಆಮ್ಯಾಲ,” ಎಂದು ಸಾವಂತ್ರವ್ವ ಹಟ ಹಿಡಿದಳು. ಧಂದೆಯ ಮಾತಿನಲ್ಲಿ ಹೇಳಿದ್ದಕ್ಕೆ ಒಪ್ಪಿದ. ಇಂದೂಬಾಯಿಯೇ ಸಾವಂತ್ರವ್ವನ ಕಿವಿಯಲ್ಲಿ ಮಕ್ಕಳ ಡಾಕ್ಟರರ ಹೆಸರು ಹೇಳಿದಳು. ಡಾಕ್ಟರ್ ನೀಲಿಮಾ, ಮರಾಠಿಯವರು, ಹೆಣ್ಣುಮಗಳು. ಅದು ಹೊಳಬಸಪ್ಪನಿಗೆ ಅಲ್ಲಿಗೆ ಹೋದ ಮೇಲೆಯೇ ತಿಳಿಯಿತು.

ಡಾಕ್ಟರ್ ಅಮರನ ಎತ್ತರ ಅಳೆದರು, ತೂಕ ನೋಡಿದರು, ಪರದೆಯ ಹಿಂದೆ ಕರೆದೊಯ್ದು ಪರೀಕ್ಷಿಸಿದರು, ಪಕ್ಕದ ಕೋಣೆಗೆ ಕಳಿಸಿ ಎಡಗೈಯ ಎಕ್ಸ್‌ರೇ ತೆಗೆಸಿದರು. ಆಮೇಲೆ ಮೂವರನ್ನೂ ಎದುರು ಕೂಡಿಸಿಕೊಂಡು ಕಾಗದ ತೆಗೆದರು. ಹುಡುಗನಿಗೆ ಎಷ್ಟು? ಹದಿನಾಲ್ಕು ತುಂಬಿ ಐದು ತಿಂಗಳು. ದೊಡ್ಡ ರೋಗ? ಇಲ್ಲ. ಹಸಿವೆ? ದಿನಕ್ಕೆ ಒಂಬತ್ತು ರೊಟ್ಟಿ. ಡಾಕ್ಟರ್ ಒಮ್ಮೆ ಅಮರನನ್ನು ನೋಡಿ ‘ಒಂಬತ್ತು’ ಎಂದು ಬರೆದುಕೊಂಡರು.

“ಈಗ ಅಪ್ಪನ ವಿಚಾರ,” ಎಂದರು. “ನಿಮಗೆ ಯಾವ ವಯಸ್ಸಿಗೆ ಧ್ವನಿ ಒಡೆಯಿತು? ಮೀಸೆ ಯಾವಾಗ ಬಂತು?”

ಹೆಣ್ಣುಮಗಳೊಬ್ಬಳು ನೇರವಾಗಿ ಅವನ ಮೀಸೆಯ ಬಗ್ಗೆ ಕೇಳಿದ್ದು ಹೊಳಬಸಪ್ಪನ ಜೀವಮಾನದಲ್ಲಿ ಅದೇ ಮೊದಲು. ಬೆನ್ನು ನೆಟ್ಟಗೆ ಮಾಡಿ, “ತೇರಾವ್ಯಾ ವರ್ಷೀ,” ಎಂದ. ಹದಿಮೂರಕ್ಕೆ.

“ಖಾತ್ರಿ? ಮನೆತನದಲ್ಲಿ ಯಾರಿಗೂ ತಡವಾಗಿರಲಿಲ್ಲವೇ? ಯಾಕೆಂದರೆ ಹಾಗಿದ್ದರೆ ನಾನು ಬೇರೆ ಕಾರಣ ಹುಡುಕಬೇಕು. ದೊಡ್ಡ ಆಸ್ಪತ್ರೆಗೆ ಕಳಿಸಬೇಕು, ಎರಡು ದಿನ ಇಟ್ಟುಕೊಂಡು ರಕ್ತ ನೋಡಬೇಕು.”

“ಖಾತ್ರಿ,” ಎಂದ ಹೊಳಬಸಪ್ಪ. ಅಮರ ಕುರ್ಚಿಯಲ್ಲಿ ಇನ್ನೂ ಒಂದು ಇಂಚು ಕೆಳಗಿಳಿದ.

ಸಾವಂತ್ರವ್ವ ಮಗನನ್ನು ನೋಡಿದಳು. ಗಂಡನನ್ನು ನೋಡಿದಳು. ಪರವೂರಿನಲ್ಲಿ, ಪರರ ಎದುರು ಗಂಡನ ಮಾನ ಕಾಯಬೇಕೆಂದು ತವರಿನವರು ಕಲಿಸಿ ಕಳಿಸಿದ್ದರು. ಮಗನ ಮಾನದ ಬಗ್ಗೆ ಅವರು ಏನೂ ಹೇಳಿರಲಿಲ್ಲ. ಅದನ್ನು ಆಕೆ ತಾನೇ ನಿರ್ಧರಿಸಬೇಕಿತ್ತು.

“ಡಾಕ್ಟರ್‌ಬಾಯಿ,” ಎಂದಳು ತನ್ನ ಹರಕುಮುರುಕು ಮರಾಠಿಯಲ್ಲಿ, “ನಿಮ್ಮಲ್ಲಿ ಮದುವೆಯಾಗಿ ಹೊಸ್ತಿಲ ಮೇಲೆ ನಿಂತಾಗ ಗಂಡಹೆಂಡಿರಿಗೆ ಹೆಸರು ಹೇಳಿಸುತ್ತಾರಲ್ಲ, ಪದ ಕಟ್ಟಿ?”

“ಉಖಾಣಾ? ಹೌದು, ಹೇಳಿಸುತ್ತಾರೆ.” ಡಾಕ್ಟರ್ ಪೆನ್ನು ಕೆಳಗಿಟ್ಟರು.

“ನಾವು ಅದಕ್ಕ ಒಡಪು ಅಂತೀವಿ.” ಅಲ್ಲಿಂದ ಮುಂದೆ ಮರಾಠಿಯೋ ಕನ್ನಡವೋ ಆಕೆಗೇ ತಿಳಿಯಲಿಲ್ಲ. “ನಮ್ಮ ಮದುವ್ಯಾಗ ಬಾಗಲದಾಗ ಹೆಣ್ಣುಮಕ್ಕಳು ಅಡ್ಡ ನಿಂತು ಇವರಿಗೆ ನನ್ನ ಹೆಸರು ಕೇಳಿದ್ರು. ಇವರು ಹೇಳಿದ್ರು: ‘ಕುಸುಬಿ ಹೂವಿನ ಹೊಲ ನೋಡ್ರಿ ಕಣ್ಣಿಗೆ ತಂಪ, ಸಾವಂತ್ರಿ ಬಂದ್ರ ಮನಿ ತುಂಬ ಸಂಪಗಿ ಕಂಪ.’ ಭಾಳ ಚಂದ ಹೇಳಿದ್ರು. ಆದ್ರ ಅಡಗಿಮನ್ಯಾಗ ಹೋಳಗಿ ಮಾಡಕೋತ ಕುಂತಿದ್ದ ನಮ್ಮ ದೊಡ್ಡವ್ವ ಬರೇ ದನಿ ಕೇಳಿ ಒಳಗಿನಿಂದ ಒದರಿದ್ಲು, ‘ಅಯ್ಯ, ಈ ಹುಡುಗಿಗೆ ನಾಚಿಕಿ ಇಲ್ಲೇನ? ತನ್ನ ಹೆಸರು ತಾನಽ ಹೇಳಿಕೊಂಡ್ಲಲ್ಲ!’”

ಡಾಕ್ಟರ್ ನೀಲಿಮಾ ಕಾಗದವನ್ನು ಮುಖದ ಮುಂದೆ ಹಿಡಿದರು. ಕಾಗದ ಅಲುಗುತ್ತಿತ್ತು.

“ಸಾವಂತ್ರೀ!” ಎಂದ ಹೊಳಬಸಪ್ಪ.

“ಇನ್ನೂ ಮುಗಿದಿಲ್ಲರಿ.” ಇಪ್ಪತ್ತೆರಡು ವರ್ಷ ಕಡಿದ ದಾರವೆಲ್ಲ ಒಮ್ಮೆಲೇ ಬಿಚ್ಚಿಕೊಂಡಿತ್ತು. “ಕೋಟು ಇವರ ಅಣ್ಣ ಕಾಂತಪ್ಪಂದು. ಬೆನ್ನ ಹಿಂದ ಎಂಟು ಪಿನ್ನು ಚುಚ್ಚಿದ್ರು. ನಾ ಕುರ್ಚ್ಯಾಗ ಕುಂತಿದ್ದು ಯಾಕಂದ್ರ, ನಿಂತ್ರ ಇವರ ಪಟಕಾ ನನ್ನ ಕಿವಿಗೆ ಬರ್ತಿತ್ತು. ಮತ್ತ ಆ ಫೋಟೋದಾಗಿನ ಮೀಸಿ ಕಾಡಿಗಿದು. ನಮ್ಮ ನಾದಿನಿ ಬರದಿದ್ಲು. ವಾಪಸ್ ಬರೂವಾಗ ಎತ್ತಿನ ಗಾಡ್ಯಾಗ ಬೆವತು ಗದ್ದದ ಮಟಾ ಇಳದಿತ್ತು. ನನ್ನ ಸೆರಗಿಲೆ ನಾನಽ ಒರಸೀನಿ.”

ಆ ಕೋಣೆಯಲ್ಲಿ ಆಗ ಒಂದು ಸದ್ದು ಕೇಳಿತು. ಎಳೆಯ, ತೆಳುವಾದ, ಮೂರು ತಿಂಗಳಿಂದ ಯಾರೂ ಕೇಳದ ನಗು. ಅಮರ ಬಾಯಿಗೆ ಕೈ ಇಟ್ಟುಕೊಂಡಿದ್ದ, ಆದರೂ ಅದು ಬೆರಳುಗಳ ಸಂದಿಯಿಂದ ಹೊರಗೆ ಹಾರುತ್ತಿತ್ತು. ಹೊಳಬಸಪ್ಪ ಹೆಂಡತಿಯ ಮೇಲೆ ಕೆಕ್ಕರಿಸಲು ಸಿದ್ಧನಾಗಿದ್ದವನು ಮಗನನ್ನು ನೋಡಿ ಮರೆತ.

ಡಾಕ್ಟರ್ ಕನ್ನಡಕ ಒರೆಸಿಕೊಂಡರು. ಎಕ್ಸ್‌ರೇ ಎತ್ತಿ ಬೆಳಕಿಗೆ ಹಿಡಿದು ಅಮರನಿಗೇ ತೋರಿಸಿದರು. ಇವರಿಬ್ಬರಿಗೂ ಅಲ್ಲ, ಅಮರನಿಗೆ. “ನೋಡು, ನಿನಗೆ ಹದಿನಾಲ್ಕೂವರೆ. ನಿನ್ನ ಎಲುಬಿಗೆ ಇನ್ನೂ ಹನ್ನೆರಡೂವರೆ. ಅದಕ್ಕೆ ಅವಸರವಿಲ್ಲ. ಮೈಯೊಳಗೆ ಆಗಬೇಕಾದದ್ದು ಶುರುವಾಗಿದೆ, ನಾನು ನೋಡಿದೆನಲ್ಲ. ಧ್ವನಿ, ಮೀಸೆ ಎಲ್ಲ ಪಂಗತಿಗೆ ಕೊನೆಗೆ ಬರುವ ನೆಂಟರು. ಅಪ್ಪನ ಗಡಿಯಾರವನ್ನೇ ನೀನು ಕಟ್ಟಿಕೊಂಡು ಬಂದಿದ್ದೀ. ಕೆಟ್ಟದ್ದೇನೂ ಇಲ್ಲ.” ಆಮೇಲೆ ಹೊಳಬಸಪ್ಪನ ಕಡೆ ತಿರುಗಿದರು. “ಟಾನಿಕ್ ಬೇಡ, ಇಂಜೆಕ್ಷನ್ ಬೇಡ. ಆರು ತಿಂಗಳಿಗೆ ಮತ್ತೆ ಕರೆದುಕೊಂಡು ಬನ್ನಿ, ಅಳೆಯೋಣ. ಇದನ್ನು ನೀವು ಮೊದಲೇ ಹೇಳಿದ್ದರೆ ಇಷ್ಟು ಕಾಗದ ಉಳಿಯುತ್ತಿತ್ತು.”

ಅವರ ಮಾತು ಸುಳ್ಳಾಗಲಿಲ್ಲ. ಮುಂದೆ ಎರಡು ಮಳೆಗಾಲ ದಾಟುವುದರೊಳಗೆ ಅಮರ ಅಪ್ಪನನ್ನು ಮೀರಿದ. ಒಂದು ಶ್ರಾವಣದಲ್ಲಿ ಅವನ ಗಂಟಲು ತಗಡಿನ ಡಬ್ಬಿಯಂತಾಯಿತು. ಆದರೆ ಅದು ಆಮೇಲಿನ ಮಾತು.

ಅಂದು ಬಸ್ಸಿನಲ್ಲಿ ಹೊಳಬಸಪ್ಪ ಇಂಜೆಕ್ಷನ್ನಿನ ಚೀಟಿಯನ್ನು ಹರಿದು ಕಿಟಕಿಯ ಹೊರಗೆ ಬಿಟ್ಟ. ಆಮೇಲೆ, “ಕಾಡಿಗಿ ಅಂತ ಹೇಳೂ ಅವಶ್ಯ ಇತ್ತೇನ?” ಎಂದ.

“ಇತ್ತು,” ಎಂದಳು ಸಾವಂತ್ರವ್ವ.

ಅಂಗಡಿಯ ಶಟರ್ ಎತ್ತಿ ಅವನು ಮೊದಲು ಮಾಡಿದ ಕೆಲಸ ಫೋಟೋದ ಮುಂದೆ ನಿಂತದ್ದು. ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ ನೋಡಿದ. ಬಲಗಡೆಯ ಮೀಸೆಯ ತುದಿ ಸ್ವಲ್ಪ ಕೆನ್ನೆಗೆ ಹರಡಿತ್ತು. ನಾದಿನಿ ಬರೆಯುವಾಗ ನಕ್ಕಿರಬೇಕು.

“ಅಪ್ಪಾ,” ಎಂದ ಅಮರ ಹಿಂದಿನಿಂದ, “ಹಂಗಾರ ಖರೇ ಮೀಸಿ ಯಾವಾಗ ಬಂತು?”

ಹೊಳಬಸಪ್ಪ ಸ್ಟೂಲಿನ ಮೇಲೆ ಕೂತ. “ಹತ್ತೊಂಬತ್ತರ ಮ್ಯಾಲ,” ಎಂದ. ಆಮೇಲೆ ಕೇಳದಿದ್ದರೂ ಮುಂದುವರಿಸಿದ. “ಮದುವಿ ಆಗಿ ಮೂರು ತಿಂಗಳಿಗೆ ಪುಣೆಕ್ಕ ಬಂದೆ. ಭೋಸರಿಯೊಳಗ ಕಾರಖಾನಿ ಕೆಲಸಕ್ಕ. ನಮ್ಮೂರ ಮಲಕಪ್ಪ ಚೀಟಿ ಕೊಟ್ಟಿದ್ದ. ಗೇಟಿನವ ನನ್ನ ದನಿ ಕೇಳಿ, ಕೂಸಿಗೆ ಕರದಂಗ ‘ಬಾಳಾ, ಸಾಲಿ ಮುಗಿಸಿ ಬಾ’ ಅಂದ. ‘ಮದುವಿ ಆಗೇದ್ರೀ ನಂದು’ ಅಂದೆ. ಅಂವ ನಕ್ಕು ನಕ್ಕು ಇನ್ನಿಬ್ಬರನ್ನ ಕರದು ನನ್ನ ಕಡಿಂದ ಮತ್ತ ಅದನ್ನಽ ಹೇಳಿಸಿದ.”

ಸಾವಂತ್ರವ್ವ ಪರದೆ ಸರಿಸಿ ನಿಂತಳು. ಕಾರಖಾನೆಯ ಎಣ್ಣೆವಾಸನೆ ಹಿಡಿಸಲಿಲ್ಲ, ಅದಕ್ಕೇ ಹೊಲಿಗೆಗೆ ಬಂದೆ ಎಂದು ಆಕೆಗೆ ಹೇಳಿದ್ದ. ಇಪ್ಪತ್ತೆರಡು ವರ್ಷ ಆಕೆ ಅದನ್ನು ನಂಬಿದ್ದಳು. ತನ್ನ ಕಿವಿ ಚುರುಕು, ಸುಳ್ಳು ತಪ್ಪಿಸಿಕೊಳ್ಳದು ಎಂದು ಆಕೆಗೆ ಎಷ್ಟು ಹೆಮ್ಮೆಯಿತ್ತು!

“ನೀ ಏನ ಮಾಡಿದಿ?” ಎಂದ ಅಮರ.

“ಮರುದಿನ ಮತ್ತ ಹೋದೆ. ಅದರ ಮರುದಿನ ಮತ್ತ ಹೋದೆ. ಗೇಟಿನವ ಕೆಲಸ ಕೊಡಲಿಲ್ಲ, ಚಹಾ ಕೊಟ್ಟ. ಆಮ್ಯಾಲ ಅಂವನಽ ಒಬ್ಬ ಟೇಲರ್ ಕಡೆ ಕರಕೊಂಡು ಹೋಗಿ ಕುಂಡರಿಸಿದ. ‘ಇಲ್ಲೆ ಬಾಯಿ ಕೆಲಸ ಇಲ್ಲ, ಕೈ ಕೆಲಸ ಅದ’ ಅಂದ.”

“ಬಾಯಿ ಕೆಲಸ ಇಲ್ಲಂತ!” ಎಂದಳು ಸಾವಂತ್ರವ್ವ. “ಪಾಪ, ಆ ಗೇಟಿನವ ಈಗ ಬಂದು ಕೇಳಬೇಕು.”

ಸೋಮವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಇಂದೂಬಾಯಿ ಏದುಸಿರು ಬಿಡುತ್ತ ಜಿನ್ನೆ ಹತ್ತಿ ಬಂದಳು. ಹಿಂದೆಯೇ ಋಷಿಕೇಶ.

“ಸಾವಂತ್ರವ್ವಾ, ಕೇಳಿದಿರೇನ್ರೀ? ಹೇಳೋ ಋಷಿ, ನೀನಽ ಹೇಳು.”

“ಇವತ್ತ ಹಾಜರಿ ಕೂಗಿದಾಗ ಅಮರ ಎದ್ದ ನಿಂತು ‘ಹಜರ್’ ಅಂದ್ರೀ ಕಾಕೂ,” ಎಂದ ಋಷಿಕೇಶ ತನ್ನ ಡೊಳ್ಳಿನ ದನಿಯಲ್ಲಿ. “ಹಿಂದಿನವರು ‘ತಾಈ ಆಲ್ಯಾ’ ಅಂದ್ರು. ಅಂವ ಹೊಳ್ಳಿ ನೋಡಿ, ‘ತಾಈ ರೋಜ್ ಯೇತಾತ್, ತುಮ್ಹೀಚ್ ಝೋಪಲೇಲೇ ಅಸತಾ’ ಅಂದ.”

ಅಕ್ಕ ದಿನಾ ಬರತಾಳ, ನೀವಽ ಮಲಗಿರ್ತೀರಿ! ಮಾಸ್ತರರು ತಲೆ ಎತ್ತಿ ನೋಡಿದರಂತೆ. ಎಷ್ಟೋ ದಿನಗಳ ಮೇಲೆ ಮೊದಲ ಸಲ ಹುಡುಗರ ಮುಖ ನೋಡಿ, ಅಮರನನ್ನು ಎದುರು ಕರೆದು ವಿಚಾರಿಸಿ, ಹತ್ತೊಂಬತ್ತು ದಿನದ ಗೈರುಹಾಜರಿಯನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರಂತೆ. ಹಿಂದಿನ ಬೆಂಚಿನವರಿಗೆ ನಗುವುದೋ ಬಿಡುವುದೋ ತಿಳಿಯದೆ, ಕೊನೆಗೆ ಅವನ ಜೊತೆಗೇ ನಕ್ಕರಂತೆ.

“ಪರೀಕ್ಷಾಕ್ಕ ಕೂಡ್ತಾನಲ್ಲ?” ಎಂದು ಕೇಳಿದಳು ಸಾವಂತ್ರವ್ವ.

“ಕೂಡ್ತಾನ್ರೀ. ಗಣಿತದಾಗ ನನಗ ಅಂವನಽ ಆಧಾರ.”

ಇಂದೂಬಾಯಿ ಮಗನನ್ನು ಕರೆದುಕೊಂಡು ಹೋದಳು. ಸಾವಂತ್ರವ್ವ ಮೊರ ತೆಗೆದುಕೊಂಡು ಕೂತಳು. ಹಿಟ್ಟು ತೀರಿತ್ತು. ಹಸನು ಮಾಡಿಟ್ಟಿದ್ದ ಜೋಳವನ್ನು ಡಬ್ಬಿಗೆ ತುಂಬಿ, ಶಾಲೆಯ ಚೀಲ ಕೆಳಗೆಸೆದು ಬಂದ ಅಮರನ ಕೈಗೆ ಕೊಟ್ಟಳು. ಅವನು ಡಬ್ಬಿಯನ್ನು ಹೆಗಲಿಗೇರಿಸಿಕೊಂಡು ಗಿರಣಿಗೆ ಹೊರಟ. ಜಿನ್ನೆಯ ಕೆಳಗೆ ಹೋದ ಮೇಲೆ ನೆನಪಾಗಿರಬೇಕು. ಅಲ್ಲಿಂದಲೇ, ಮಾರ್ಕೆಟ್ಟಿಗೆಲ್ಲ ಕೇಳುವಂತೆ, ಆ ತೆಳುದನಿಯಲ್ಲಿಯೇ ಕೂಗಿದ:

“ಅವ್ವಾ! ಸಣ್ಣಗ ಬೀಸಸಲೋ, ದಪ್ಪ ಬೀಸಸಲೋ?”

“ಸಣ್ಣಗ!” ಎಂದು ಸಾವಂತ್ರವ್ವ ಅಷ್ಟೇ ಜೋರಾಗಿ ಕೂಗಿ, ಉಳಿದ ಜೋಳವನ್ನು ಮೊರಕ್ಕೆ ಸುರಿದುಕೊಂಡು ಹಳ್ಳು ಆರಿಸತೊಡಗಿದಳು.